ಖಾಲಿ ಓಡುವಾಗಲೂ ಕ್ರಷರ್ ಎಂಜಿನ್ ವೇಗ ಓಲಾಡುತ್ತಿದ್ದರೆ

ನಿಮ್ಮ ಕಲ್ಲಿನ ಕ್ರಷರ್ ಓಡಿಸುವ ಡೀಸೆಲ್ ಎಂಜಿನ್‌ನ ವೇಗ ಕಲ್ಲು ಹಾಕದೆ ಇದ್ದಾಗಲೂ ಏರಿ ಇಳಿಯುತ್ತದೆ ಅಂದಿದ್ದೀರಿ. ಹಾಗಾದರೆ ಜಾ ಕ್ರಷರ್ (ದವಡೆಯಿಂದ ಕಲ್ಲು ಪುಡಿಮಾಡುವ ಯಂತ್ರ) ಮೇಲೆ ಅನುಮಾನ ಬೇಡ, ಬಹುಶಃ ಎಂಜಿನ್ ವೇಗ ಕಾಯುವ ಗವರ್ನರ್‌ನ ಲಿಂಕ್ ಹಿಡಿದುಕೊಂಡಿದೆ. ವೇಗ ಸಾಕಷ್ಟು ಬದಲಾಗುವ ತನಕ ಅದು ಅಲುಗುವುದಿಲ್ಲ. ಆಮೇಲೆ ಒಮ್ಮೆಲೇ ಜಿಗಿದು ಅಳತೆ ಮೀರುತ್ತದೆ.

ಎಂಜಿನ್ ನಿಲ್ಲಿಸಿ. ಗವರ್ನರ್‌ನಿಂದ ಡೀಸೆಲ್ ಪಂಪಿಗೆ ಹೋಗುವ ಕಡ್ಡಿ ಬಿಚ್ಚಿ, ಪಂಪಿನ ರ್‍ಯಾಕನ್ನು (ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸರಳು) ಬೆರಳಿನಿಂದ ತಳ್ಳಿ ನೋಡಿ. ಎಲ್ಲೂ ತಡೆಯದೆ ಜಾರಬೇಕು. ನನ್ನದರಲ್ಲಿ ಕಲ್ಲುಪುಡಿ ಗ್ರೀಸಿಗೆ ಅಂಟಿ, ಪಿನ್ ಸುತ್ತ ಬೂದು ಬಣ್ಣದ ಗಟ್ಟಿ ಪೇಸ್ಟ್ ಆಗಿತ್ತು. ಸವೆದ ಪಿನ್ ಇದ್ದರೆ ಬದಲಿಸಿ, ಸುಮ್ನೆ ಎಣ್ಣೆ ಬಿಟ್ಟರೆ ಸಾಲದು.

ಆಮೇಲೆ ಡೀಸೆಲ್ ಲೈನಿನ ಗಾಳಿ ತೆಗೆಯಿರಿ. ಗಾಳಿಯೋ ಲಿಂಕೋ ಅಂತ ದೂರದಿಂದ ಖಚಿತವಾಗಿ ಹೇಳಲಾರೆ, ಎರಡನ್ನೂ ಮಾಡಿಬಿಡಿ.

ಡ್ರೂಪ್, ಅಂದರೆ ಖಾಲಿಯಿಂದ ಪೂರ್ತಿ ಲೋಡಿಗೆ ವೇಗ ಇಳಿಯುವ ಪ್ರಮಾಣ, ಹೊಂದಿಸುವುದು ಕೊನೆಗೆ. ಪೂರ್ತಿ ಲೋಡಿನಲ್ಲಿ 1500 ಆರ್‌ಪಿಎಂ ಬೇಕಿದ್ದರೆ ಖಾಲಿಯಲ್ಲಿ 1575 ಇಡಿ, ಅಂದರೆ 5% ಡ್ರೂಪ್. ತೀರಾ ಕಡಿಮೆ ಮಾಡಿದರೆ ಓಲಾಟ ಜಾಸ್ತಿ ಆಗುತ್ತದೆ.

ಇಷ್ಟಾದ ಮೇಲೂ ಕಲ್ಲು ಹಾಕಿದಾಗ ನಡುಗಿದರೆ ಅದರ ತಾಳ ಗಮನಿಸಿ. ಕ್ರಷರ್ 250 ಆರ್‌ಪಿಎಂನಲ್ಲಿದ್ದರೆ ದವಡೆ ಸೆಕೆಂಡಿಗೆ ಸುಮಾರು 4 ಸಲ ಕಚ್ಚುತ್ತದೆ. ನಡುಕವೂ ಅದೇ ತಾಳದಲ್ಲಿದ್ದರೆ ಗವರ್ನರ್ ಮುಟ್ಟಬೇಡಿ. ಬೆಲ್ಟ್ ಬಿಗಿ, ಫ್ಲೈವೀಲ್ ಕೀ (ಭಾರದ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ತುಂಡು) ನೋಡಿ.