‘ಹ್ಯಾಂಡ್ಸ್ ಆಫ್’ ಅಂದರೆ ಸಿಟ್ಟೇ, ಸಲಿಗೆಯೇ?

ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗಿರುವ ಓದುಗರೊಬ್ಬರು ಬರೆದಿದ್ದಾರೆ: ‘ಜೊತೆಯಲ್ಲಿರುವವರು ಫ್ರಿಜ್ಜಿನಲ್ಲಿ ತಮ್ಮ ಡಬ್ಬಿಗೆ ಹ್ಯಾಂಡ್ಸ್ ಆಫ್ ಎಂದು ಚೀಟಿ ಅಂಟಿಸಿದ್ದಾರೆ. ಇದು ಸಿಟ್ಟೋ ಸಲಿಗೆಯೋ ತಿಳಿಯದು. ಆಫೀಸಿನಲ್ಲಿ ನಾನು ಡೋಂಟ್ ಟಚ್ ದಟ್ ಅಂದರೆ ಮಾತ್ರ ಎದುರಿನವರ ಮುಖ ಬಿಗಿಯುತ್ತದೆ. ಬೇರೆ ಏನು ಹೇಳಬಹುದು?’

ಸಂಪಾದಕರ ಉತ್ತರ: ಚೀಟಿ ಬಹುಮಟ್ಟಿಗೆ ಸಲಿಗೆಯದೇ, ಚಿಂತೆ ಬೇಡ. ‘ಹ್ಯಾಂಡ್ಸ್ ಆಫ್’ ಅಂದರೆ ‘ಮುಟ್ಟಬೇಡಿ’; ಅದಾದಮೇಲೆ ವಸ್ತುವಿನ ಹೆಸರು ನೇರವಾಗಿ ಬರುತ್ತದೆ: ‘ಹ್ಯಾಂಡ್ಸ್ ಆಫ್ ಮೈ ಚೀಸ್’. ನಡುವೆ ‘ಫ್ರಮ್’ ಸೇರಿಸಬೇಡಿ.

ಇದನ್ನೇ ಪೂರ್ತಿ ವಾಕ್ಯ ಮಾಡುವಾಗ ಹೆಚ್ಚಿನವರು ಎಡವುತ್ತಾರೆ. ಕೈ ಇನ್ನೂ ತಾಗಿಲ್ಲವಾದರೆ ‘ಕೀಪ್ ಯುವರ್ ಹ್ಯಾಂಡ್ಸ್ ಆಫ್ ಇಟ್’. ಆಗಲೇ ಹಿಡಿದುಕೊಂಡಿದ್ದರೆ ‘ಗೆಟ್’ ಅಥವಾ ‘ಟೇಕ್ ಯುವರ್ ಹ್ಯಾಂಡ್ಸ್ ಆಫ್ ಇಟ್’. ಇಲ್ಲಿ ‘ಪುಟ್’ ಸಲ್ಲದು. ‘ಕೈ ಹಾಕಬೇಡ’ ಎಂಬ ನಮ್ಮ ಮಾತನ್ನು ಹಾಗೇ ‘ಡೋಂಟ್ ಪುಟ್ ಹ್ಯಾಂಡ್’ ಎಂದರೆ ಒಳಗೆ ಕೈ ತೂರಿಸಬೇಡ ಎಂದು ಅರ್ಥವಾದೀತು. ‘ಕೀಪ್ ಯುವರ್ ಹ್ಯಾಂಡ್ಸ್ ಟು ಯುವರ್‌ಸೆಲ್ಫ್’ ಬೇರೆಯೇ ಮಾತು. ಅದು ಸಾಮಾನ್ಯವಾಗಿ ಇನ್ನೊಬ್ಬರ ಮೈ ಮುಟ್ಟುವವರಿಗೆ, ತಳ್ಳಾಡುವ ಮಕ್ಕಳಿಗೆ ಹೇಳುವುದು.

ಗೆಳೆಯರ ನಡುವೆ ‘ಹ್ಯಾಂಡ್ಸ್’ ಜಾಗದಲ್ಲಿ ‘ಮಿಟ್ಸ್’ ಅಥವಾ ‘ಪಾಸ್’ ಬರುತ್ತದೆ. ಮಿಟ್ಸ್ ಅಂದರೆ ಬೆರಳುಗಳಿಗೆ ಬೇರೆ ಬೇರೆ ಭಾಗವಿಲ್ಲದ, ಚೀಲದಂಥ ಗವಸು, ಪಾಸ್ ಅಂದರೆ ಪ್ರಾಣಿಯ ಪಂಜ. ‘ಗ್ರಬಿ’ ಸೇರಿದರೆ ಕೊಳಕು ಕೈ ಎಂಬ ಛೇಡಿಕೆ. ನಗುತ್ತಾ ಹೇಳಿದರೆ ತಮಾಷೆ. ಅಪರಿಚಿತರಿಗೆ ಹೇಳಿದರೆ ಅವಮಾನ. ಹೊಸಬರು ಇವನ್ನು ಕೇಳಿ ತಿಳಿದುಕೊಂಡರೆ ಸಾಕು, ಬಳಸಲು ಅವಸರ ಬೇಡ ಎಂಬುದು ನಮ್ಮ ಸಲಹೆ. ‘ಡೋಂಟ್ ಲೇ ಎ ಫಿಂಗರ್ ಆನ್’ ಇನ್ನೂ ಖಾರ. ಹೆಚ್ಚಾಗಿ ಮನುಷ್ಯರ ವಿಷಯದಲ್ಲಿ, ಬೆದರಿಕೆಯಾಗಿ ಬರುತ್ತದೆ.

ಮುಟ್ಟುವ ಬಗೆಗೆ ತಕ್ಕಂತೆ ಕ್ರಿಯಾಪದವೂ ಬದಲಾಗುತ್ತದೆ. ಗುಂಡಿ, ತಿರುಪು, ರಿಮೋಟ್ ಕೆದಕುವವರಿಗೆ ‘ಡೋಂಟ್ ಫಿಡಲ್ ವಿತ್ ಇಟ್’. ಚೆನ್ನಾಗಿ ನಡೆಯುತ್ತಿರುವುದನ್ನು ಕೆಡಿಸುವವರಿಗೆ ‘ಡೋಂಟ್ ಮೆಸ್ ವಿತ್ ಇಟ್’. ಬ್ರಿಟನ್ನಿನಲ್ಲಿ ‘ಮೆಸ್ ಅಬೌಟ್ ವಿತ್’ ಎಂದೂ ಕೇಳುತ್ತೀರಿ. ಗಾಯದ ಹಕ್ಕಳೆ ಕೀಳುವ ಮಗುವಿಗೆ ‘ಡೋಂಟ್ ಪಿಕ್ ಅಟ್ ಇಟ್’. ‘ಟ್ಯಾಂಪರ್’ (ಅನುಮತಿಯಿಲ್ಲದೆ ಕೈಯಾಡಿಸು) ಸೂಚನಾ ಫಲಕದ, ಕಾನೂನಿನ ಪದ, ಮನೆಮಾತಿನಲ್ಲಿ ಗಡುಸಾಗುತ್ತದೆ. ‘ಲೀವ್ ಇಟ್ ಅಲೋನ್’ ಎಲ್ಲ ಕಡೆ ನಡೆಯುತ್ತದೆ, ‘ಲೀವ್ ಇಟ್ ಬಿ’ ಅದಕ್ಕಿಂತ ಮೃದು. ಆದರೆ ಬರೀ ‘ಲೀವ್ ಇಟ್’ ಎಂದು ಗಟ್ಟಿಯಾಗಿ ಹೇಳುವುದು ನಾಯಿ ಪಳಗಿಸುವವರ ಆಜ್ಞೆ. ದೊಡ್ಡವರ ಮೇಲೆ ಪ್ರಯೋಗಿಸಬೇಡಿ.

ಇನ್ನು ನಿಮ್ಮ ಆಫೀಸು. ‘ಡೋಂಟ್ ಟಚ್ ದಟ್’ ವ್ಯಾಕರಣಕ್ಕೆ ಸರಿಯೇ. ಬರಿಯ ಆಜ್ಞೆಯಾಗಿ ಬಿದ್ದದ್ದೇ ಮುಖ ಬಿಗಿಯಲು ಕಾರಣ. ಮುಂದೆ ‘ಪ್ಲೀಸ್’ ಹಚ್ಚಿ ದನಿ ಬಿಗಿಯಾಗೇ ಉಳಿದರೆ ಸಿಟ್ಟು ಇನ್ನೂ ಹೆಚ್ಚಿದಂತೆ ಕೇಳುತ್ತದೆ. ಬದಲಿಗೆ ಕಾರಣ ಮೊದಲು ಹೇಳಿ: ‘ಕೇರ್‌ಫುಲ್, ದ ಪೇಂಟ್ಸ್ ಸ್ಟಿಲ್ ವೆಟ್’. ಅಷ್ಟು ಕೇಳಿದವರು ತಾವೇ ಕೈ ಹಿಂತೆಗೆಯುತ್ತಾರೆ. ಕಾರಣ ವಿವರಿಸಲು ವ್ಯವಧಾನವಿಲ್ಲದಿದ್ದರೆ ‘ಬೆಸ್ಟ್ ನಾಟ್ ಟು ಟಚ್ ದಟ್’, ‘ಐಡ್ ಲೀವ್ ದಟ್ ಅಲೋನ್ ಇಫ್ ಐ ವರ್ ಯೂ’. ಎರಡನೆಯದು ಸಲಹೆಯಂತೆ ಕಂಡರೂ ಬ್ರಿಟಿಷರು ಅದನ್ನು ಎಚ್ಚರಿಕೆಯೆಂದೇ ತಿಳಿಯುತ್ತಾರೆ.

ಈ ನಯವೆಲ್ಲ ಅಪಾಯವಿಲ್ಲದ ಕಡೆಗೆ. ಕಾದ ಬಾಣಲೆ, ಕರೆಂಟು ಹರಿಯುವ ತಂತಿಯತ್ತ ಕೈ ಹೋಗುತ್ತಿದ್ದರೆ ‘ಡೋಂಟ್ ಟಚ್ ಇಟ್!’ ಎಂದು ಕೂಗಿಬಿಡಿ. ಕಾರಣ ಆಮೇಲೆ ಹೇಳಬಹುದು.