ಪ್ರತಿ: ಸ್ಕೌಟ್ಸ್ ಮಕ್ಕಳಿಗೆ ಪ್ರಥಮ ಚಿಕಿತ್ಸೆ, ಎಲ್ಲಿಂದ ಶುರು ಮಾಡಲಿ?

ಜಯನಗರದ ನಿಮ್ಮ ಸ್ಕೌಟ್ಸ್ ತಂಡದ ಎಂಟನೇ ಕ್ಲಾಸಿನ ಮಕ್ಕಳಿಗೆ ಎರಡು ಗಂಟೆ ಸಿಗುತ್ತದೆ, ಹೃದಯ ಬಡಿತ ನಿಂತವರ ಎದೆ ಒತ್ತುವ ಸಿಪಿಆರ್‌ನಿಂದಲೇ ಶುರು ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ ಸರ್. ಮಕ್ಕಳು ಮೈದಾನದಲ್ಲಿ, ಅಡುಗೆಮನೆಯಲ್ಲಿ ನೋಡುವುದನ್ನೇ ಮೊದಲು ಹಿಡಿಯಿರಿ.

ಮೂಗಿನಲ್ಲಿ ರಕ್ತ ಬಂದರೆ ಏನು ಮಾಡ್ತೀರಿ ಅಂತ ಕೇಳಿ ನೋಡಿ. ಅರ್ಧ ಕ್ಲಾಸು ತಲೆಯನ್ನು ಹಿಂದಕ್ಕೆ ಎತ್ತುತ್ತದೆ. ಪಾಠ ಅಲ್ಲಿಂದಲೇ ಶುರು. ಕೂತು, ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಒತ್ತಿ ಹಿಡಿದು ಬಾಯಲ್ಲಿ ಉಸಿರಾಡಬೇಕು. 10 ನಿಮಿಷ. ‘ನಿಂತಿತಾ’ ಅಂತ ಮಧ್ಯೆ ಬಿಟ್ಟು ನೋಡೋ ಹಾಗಿಲ್ಲ. ಜೋಡಿ ಮಾಡಿ ಗಡಿಯಾರ ಇಟ್ಟು ಮಾಡಿಸಿ, 10 ನಿಮಿಷ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ.

ಕೈ ಸುಟ್ಟರೆ ಟೂತ್‌ಪೇಸ್ಟ್, ಕಾಫಿಪುಡಿ, ಐಸ್ ಯಾವುದೂ ಬೇಡ. ನಲ್ಲಿ ನೀರಿನ ಕೆಳಗೆ 20 ನಿಮಿಷ. (ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಬಂದರೆ, ಅಲ್ವಾ!) ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕಬಾರದು, ಬಾಯಿಗೆ ಏನೂ ಹಾಕಬಾರದು ಅನ್ನೋದನ್ನೂ ಹೇಳಿ.

ಸಿಪಿಆರ್‌ಗೆ ಬೊಂಬೆ ಬೇಕೇ ಬೇಕು. ಒಬ್ಬರ ಎದೆಯನ್ನು ಇನ್ನೊಬ್ಬರು ಒತ್ತಿ ಕಲಿಯುವ ಆಟ ಬೇಡ. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳ, ಇದು ಬಾಯಿಪಾಠದಿಂದ ಬರುವುದಲ್ಲ. ರೇಸ್ ಕೋರ್ಸ್ ರಸ್ತೆಯ ರೆಡ್‌ಕ್ರಾಸ್‌ನಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ.

ಕೊನೆಯ ಕಾಲು ಗಂಟೆ 108ಕ್ಕೆ ಫೋನ್ ಮಾಡುವ ನಾಟಕ ಆಡಿಸಿ. ‘ಇಲ್ಲೇ ಪಾರ್ಕ್ ಹತ್ರ ಬನ್ನಿ’ ಅಂದರೆ ಜಯನಗರದಲ್ಲಿ ಆಂಬುಲೆನ್ಸ್ ಯಾವ ಪಾರ್ಕಿಗೆ ಹೋಗಬೇಕು? ಬ್ಲಾಕು, ಕ್ರಾಸು, ಮೇನು ಮೂರನ್ನೂ ಹೇಳಿಸಿ.