ಕೋಡಿ ಬಿದ್ದ ವರ್ಷವೇ ಬರದ ಕೆಲಸ

ಮಾಲೂರು ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಬರ ಎದುರಿಸಲು ಯೋಜನೆ ಬೇಕು ಅಂತ ಪದೇ ಪದೇ ಬರೆಯುತ್ತೀರಿ. ಯೋಜನೆಯಿಂದ ಹೊಟ್ಟೆ ತುಂಬುತ್ತಾ ಸ್ವಾಮಿ? ಪರಿಹಾರದ ಹಣ ಜಾಸ್ತಿ ಮಾಡಿ, ಬೇಗ ಕೊಡಿ ಅಂತ ಬರೆಯಿರಿ."

ನಿಮ್ಮ ಸಿಟ್ಟು ನ್ಯಾಯವಾದದ್ದೇ. 2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಬರ ಘೋಷಿಸಿತು. ಕೇಂದ್ರದಿಂದ 3,454 ಕೋಟಿ ಮಂಜೂರಾದದ್ದು 2024ರ ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಎಕರೆಗೆ 3,400 ಆಸುಪಾಸು. ಅದನ್ನು ದುಪ್ಪಟ್ಟು ಮಾಡಿದರೂ ಒಣಗಿದ ರಾಗಿ ಎದ್ದು ನಿಲ್ಲುತ್ತಾ? ಮಾರಿದ ಹಸು ಕೊಟ್ಟಿಗೆಗೆ ವಾಪಸ್ ಬರುತ್ತಾ?

2021ರ ನವೆಂಬರ್ ಮಳೆ ನೆನಪಿದೆಯಲ್ವಾ? ನಮ್ಮ ಕೋಲಾರ ಜಿಲ್ಲೆಯಲ್ಲಿ ಎಷ್ಟೋ ಕೆರೆ ತುಂಬಿ ಕೋಡಿ ಬಿದ್ದವು. ಬಾಗಿನ ಅರ್ಪಿಸಿದೆವು, ಸುಮ್ನಾದೆವು. ಎರಡೇ ವರ್ಷಕ್ಕೆ ಬರ ಬಂತು. ಬರದ ಕೆಲಸ ಶುರುವಾಗಬೇಕಿದ್ದದ್ದು ಆ ಬಾಗಿನದ ದಿನ.

ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಬರದ ಮೇಲೆ ಕಣ್ಣಿಡಲು 1988ರಲ್ಲೇ ಪ್ರತ್ಯೇಕ ಘಟಕ ಮಾಡಿದ ರಾಜ್ಯ ನಮ್ಮದು. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಮುಂಗಾರು ಎರಡು ವಾರ ತಡವಾದರೆ ಏನು ಬಿತ್ತಬೇಕು, ನಾಲ್ಕು ವಾರಕ್ಕೆ ಏನು, ಆರು ವಾರಕ್ಕೆ ಏನು ಎಂದು ಜಿಲ್ಲೆವಾರು ಬರೆದಿಟ್ಟಿದ್ದಾರೆ. ತೀರಾ ತಡವಾದರೆ ಅಲ್ಪಾವಧಿ ರಾಗಿ ಹಾಕಿ ಎನ್ನುವುದು ಸರಿಯಾದ ಸಲಹೆ. ಆದರೆ ಆಗಸ್ಟ್‌ನಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಆ ಬೀಜ ಇರಬೇಕಲ್ಲ! ಅದನ್ನು ಮಳೆ ಚೆನ್ನಾಗಿದ್ದ ವರ್ಷವೇ ಬೆಳೆದು ಇಟ್ಟಿರಬೇಕು.

ಮುಳಬಾಗಿಲು ಕಡೆಯ ಹಿರಿಯ ನೀರುಗಂಟಿಯೊಬ್ಬರು, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವರು, ನನಗೆ ಹೇಳಿದ್ದು ಕೇಳಿ. ಕೆರೆ ಅರ್ಧವೇ ತುಂಬಿದ ವರ್ಷ, ತೂಬು ಎತ್ತುವ ಮೊದಲೇ ಊರಿನವರು ಕೂತು ಮಾತಾಡುತ್ತಿದ್ದರಂತೆ. ಅಚ್ಚುಕಟ್ಟಿನಲ್ಲಿ ಇಷ್ಟಕ್ಕೇ ಭತ್ತ, ಉಳಿದದ್ದಕ್ಕೆ ರಾಗಿ. ಆಮೇಲೆ ಪಟೇಲರ ಗದ್ದೆಯಾದರೂ ನೀರು ಅಷ್ಟೇ, ಬಡವನ ಗದ್ದೆಯಾದರೂ ಅಷ್ಟೇ. ಬೇಸಿಗೆಯಲ್ಲಿ ಕಾಲುವೆ ಹೂಳು ತೆಗೆಯಲು ಮನೆಗೊಂದಾಳು. ಇದಕ್ಕಿಂತ ಒಳ್ಳೆಯ ಬರ ಯೋಜನೆಯನ್ನು ನಾನು ಯಾವ ಕಡತದಲ್ಲೂ ಓದಿಲ್ಲ. ಬೋರ್‌ವೆಲ್ ಬಂತು, ನೀರುಗಂಟಿ ಯಾರಿಗೂ ಬೇಡವಾದ. ಈಗ 1,500 ಅಡಿ ಕೊರೆಸಿ ಧೂಳು ನೋಡಿ ಸಾಲ ತೀರಿಸುತ್ತಾ ಕೂತವರು ಊರೂರಲ್ಲಿದ್ದಾರೆ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಪಶ್ಚಿಮ ಘಟ್ಟದ ನೀರನ್ನು ಇತ್ತ ತರಲು 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ನೀರಿಗೆ ಇನ್ನೂ ದಾರಿ ಕಾಯುತ್ತಿದ್ದೇವೆ. ದೂರದ ನೀರು ತರಲು ಸಾವಿರಾರು ಕೋಟಿ ಇದೆ. ನಮ್ಮೂರ ಮೇಲೆ ಬಿದ್ದ ಮಳೆ ನಮ್ಮೂರ ಕೆರೆಗೆ ಸೇರಲಿ, ಒತ್ತುವರಿಯಾದ ರಾಜಕಾಲುವೆ ಬಿಡಿಸಿಕೊಡಿ ಎಂದರೆ ಮಾತ್ರ ಸರ್ವೆಯರ್ ಇಲ್ಲ, ಮುಂದಿನ ವಾರ ಬನ್ನಿ. ಕೆರೆ ಹೂಳೆತ್ತಿ ಫಲಕ ಹಾಕಿಸುತ್ತಾರೆ. ಕಾಲುವೆ ಮೇಲೆ ಲೇಔಟ್ ಎದ್ದಿದ್ದರೆ ಆ ಕೆರೆಗೆ ನೀರು ಎಲ್ಲಿಂದ ಬರಬೇಕು?

ಪರಿಹಾರ ಕೇಳುವುದನ್ನು ಬಿಡಬೇಡಿ. ಜೊತೆಗೆ ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ರಾಜಕಾಲುವೆಯ ನಕ್ಷೆಯನ್ನೂ ಕೇಳಿ. ಪಿಡಿಒ ಏನೆಂದರು ಅಂತ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ